‘ಅಗ್ರೀ’ ಎಂದರೆ ಒಪ್ಪಿದಂತೆಯೇ? ಒಂದು ಇಮೇಲ್ ತಂದಿಟ್ಟ ಪೇಚು

ಲೆಕ್ಕದ ಪುಸ್ತಕ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಬಲ್ಲವರು ಸ್ವಲ್ಪ ದಾರಿ ತೋರಿಸಬೇಕು. ನಾನು ಬೆಂಗಳೂರಿನಲ್ಲಿ ಸಿದ್ಧ ಉಡುಪು ರಫ್ತು ಮಾಡುವ ಒಂದು ಸಣ್ಣ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಇಂಗ್ಲೆಂಡಿನ ಗಿರಾಕಿಯೊಬ್ಬರು ಹೋದ ವಾರ ಇಮೇಲ್ ಬರೆದಿದ್ದರು: ಇಷ್ಟು ದಿನ ಬಿಲ್ ಬಂದ 30 ದಿನದಲ್ಲಿ ಹಣ ಕೊಡುತ್ತಿದ್ದೆವು, ಆರ್ಡರ್ ದೊಡ್ಡದಾಗುತ್ತಿರುವುದರಿಂದ ಇನ್ನು ಮುಂದೆ 60 ದಿನ ಮಾಡಿಕೊಳ್ಳೋಣ ಎಂದು. ಅವರ ಮಾತಿನಲ್ಲಿ ನ್ಯಾಯವಿದೆ ಅನ್ನಿಸಿತು. ‘ವೀ ಅಗ್ರೀ ವಿತ್ ಯುವರ್ ಪ್ರಪೋಸಲ್’ ಎಂದು ಬರೆದು ಕಳುಹಿಸಿದೆ. ‘ಆದರೆ ತೀರ್ಮಾನ ನಮ್ಮ ಯಜಮಾನರದು’ ಎಂಬ ಮುಂದಿನ ಸಾಲು ನನ್ನ ತಲೆಯಲ್ಲಿತ್ತು, ಇಮೇಲಿನಲ್ಲಿ ಇರಲಿಲ್ಲ.

ಮಾರನೆಯ ದಿನವೇ 60 ದಿನ ಎಂದು ಮುದ್ರಿಸಿದ ಖರೀದಿ ಆದೇಶ ಬಂದು ಕುಳಿತಿತ್ತು. ಯಜಮಾನರು ಅದನ್ನು ನನ್ನ ಮೇಜಿನ ಮೇಲಿಟ್ಟು, ‘ಯಾರನ್ನು ಕೇಳಿ ಒಪ್ಪಿಕೊಂಡಿರಿ?’ ಎಂದರು. ನಾನು ಅಭಿಪ್ರಾಯವನ್ನು ಒಪ್ಪಿದೆನೇ ಹೊರತು ಷರತ್ತಿಗೆ ಒಪ್ಪಲಿಲ್ಲ ಎಂದರೆ ಅವರಿಗೆ ನಗುವೂ ಬಂತು, ಸಿಟ್ಟೂ ಬಂತು.

ಇನ್ನೊಂದು ಅನುಮಾನ. ಅದೇ ಗಿರಾಕಿಯ ಪತ್ರದಲ್ಲಿ ‘ಅಗ್ರೀಡ್ ದ ಪ್ರೈಸ್’ ಎಂದಿದೆ. ನಡುವೆ ‘ಟು’ ಇಲ್ಲ, ‘ಆನ್’ ಇಲ್ಲ. ನಾನು ಹೈಸ್ಕೂಲಿನಲ್ಲಿ ಹೀಗೆ ಬರೆದು ಬೆರಳ ಗಿಣ್ಣಿನ ಮೇಲೆ ಸ್ಕೇಲಿನ ಏಟು ತಿಂದಿದ್ದೇನೆ. ಈಗ ಯಾರಿಗೆ ಹೊಡೆಯಬೇಕು?

ನಿವೃತ್ತ ಮೇಷ್ಟರು

ಹೊಡೆದವರ ಪೈಕಿ ನಾನೂ ಇರಬಹುದು, ಕ್ಷಮಿಸಮ್ಮ. ಮೊದಲ ಪ್ರಶ್ನೆಗೆ ಉತ್ತರ ನಿನ್ನ ಕನ್ನಡದಲ್ಲಿಯೇ ಇದೆ. ನೀನೇ ಬರೆದಿದ್ದೀಯ, ‘ಅಭಿಪ್ರಾಯವನ್ನು ಒಪ್ಪಿದೆ, ಷರತ್ತಿಗೆ ಒಪ್ಪಲಿಲ್ಲ’ ಎಂದು. ಒಂದು ಕಡೆ ‘ಅನ್ನು’, ಇನ್ನೊಂದು ಕಡೆ ‘ಗೆ’. ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರವನ್ನು ನೆನೆಸಿಕೊ. ‘ಹುಡುಗನನ್ನು ಒಪ್ಪಿದಳು’ ಎಂದರೆ ಹುಡುಗ ಅವಳ ಮನಸ್ಸಿಗೆ ಬಂದ. ‘ಮದುವೆಗೆ ಒಪ್ಪಿದಳು’ ಎಂದರೆ ಛತ್ರ ಹುಡುಕಬಹುದು. ಎಷ್ಟೋ ಮನೆಗಳಲ್ಲಿ ಎರಡನೆಯದು ನಡೆದಿದೆ, ಮೊದಲನೆಯದು ನಡೆದಿಲ್ಲ. ಇಂಗ್ಲಿಷಿನಲ್ಲಿ ಮನುಷ್ಯನ ಜೊತೆ, ಅಭಿಪ್ರಾಯದ ಜೊತೆ ‘ಅಗ್ರೀ ವಿತ್’. ಮಾಡಬೇಕಾದ ಕೆಲಸಕ್ಕೆ, ಬೇಡಿಕೆಗೆ, ಷರತ್ತಿಗೆ ‘ಅಗ್ರೀ ಟು’. ಬರೆಯುವ ಮುಂಚೆ ಮನಸ್ಸಿನಲ್ಲಿ ಕನ್ನಡದ ವಿಭಕ್ತಿ ಹಾಕಿ ನೋಡು, ನೂರಕ್ಕೆ ತೊಂಬತ್ತು ಸಲ ಸರಿಹೋಗುತ್ತದೆ.

ಕರಾವಳಿ ಕಾಗೆ

ಮೇಷ್ಟರೇ, ಆ ಉಳಿದ ಹತ್ತು ಸಲದ ಬಗ್ಗೆ ನನ್ನ ತಕರಾರು. ‘ಷರತ್ತುಗಳನ್ನು ಒಪ್ಪಿದ’ ಎಂದೂ ಬರೆಯುತ್ತೇವಲ್ಲ? ಅಲ್ಲಿ ‘ಅನ್ನು’ ಇದೆ, ಆದರೆ ಕೆಲಸ ‘ಟು’ವಿನದು. ‘ನಿಮ್ಮ ಅಭಿಪ್ರಾಯಕ್ಕೆ ನನ್ನ ಸಹಮತವಿದೆ’ ಎನ್ನುವಾಗ ‘ಗೆ’ ಇದೆ, ಕೆಲಸ ‘ವಿತ್’ನದು. ನಿಮ್ಮ ಸೂತ್ರ ನಮ್ಮೂರಿನ ಮನೆಯ ಹಂಚಿನಂತೆ, ಮೊದಲ ಮಳೆಗೇ ಸೋರುತ್ತದೆ.

ನಿವೃತ್ತ ಮೇಷ್ಟರು

ಸೋರುವುದು ನಿಜ. ಷರತ್ತನ್ನು ಒಪ್ಪಿದ ಎಂಬಲ್ಲಿ ನಮ್ಮ ‘ಒಪ್ಪು’ ಇಂಗ್ಲಿಷಿನ ‘ಅಕ್ಸೆಪ್ಟ್’ ಆಗಿಬಿಡುತ್ತದೆ. ಸಹಮತ ಎಂಬುದು ನಾಮಪದ, ಅದನ್ನು ಈ ಲೆಕ್ಕಕ್ಕೆ ತರಬೇಡಿ. ಸೋರುವ ಹಂಚಿನ ಮನೆಯಲ್ಲಿಯೂ ಜನ ವಾಸ ಮಾಡುತ್ತಾರಪ್ಪ.

ಲಂಡನ್ ಮಳೆ

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಇಲ್ಲಿ ದಿನವೂ ಅದನ್ನೇ ಓದುತ್ತಿದ್ದೇನೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ಬೆಲೆ, ದಿನಾಂಕ, ಒಪ್ಪಂದದಂಥ ಮಾತಾಡಿ ಕುದುರಿಸುವ ಸಂಗತಿಗಳ ಮುಂದೆ ‘ಅಗ್ರೀ’ಯನ್ನು ನೇರವಾಗಿ ಹಾಕುತ್ತಾರೆ. ವ್ಯವಹಾರದ ಪತ್ರಗಳಲ್ಲಿ, ಪತ್ರಿಕೆಗಳಲ್ಲಿ ಬಹಳ ಸಾಮಾನ್ಯ. ಫುಟ್‌ಬಾಲ್ ಆಟಗಾರರ ವರ್ಗಾವಣೆಯ ಕಾಲದಲ್ಲಿ ಕ್ರೀಡಾಪುಟ ತೆರೆದರೆ ‘ಅಗ್ರೀ ಫೀ’ ಎಂಬ ತಲೆಬರಹ ಎದುರಿಗೇ ಇರುತ್ತದೆ. ಅಮೆರಿಕದವರಿಗೆ ಇದು ಕಿವಿಗೆ ಕಲ್ಲು ಬಿದ್ದಂತೆ. ಅವರು ‘ಅಗ್ರೀ ಆನ್’ ಎಂದೇ ಬರೆಯುತ್ತಾರೆ. ಹಾಗಾಗಿ ನಿಮ್ಮ ಗಿರಾಕಿಯದು ತಪ್ಪಲ್ಲ, ನಿಮ್ಮ ಶಾಲೆಯದೂ ಪೂರ್ತಿ ತಪ್ಪಲ್ಲ.

ಆದರೆ ಮೊದಲ ಪ್ರಶ್ನೆಯಲ್ಲಿ ಗಿರಾಕಿಯ ಪರವಾಗಿ ಒಂದು ಮಾತು. ವ್ಯಾಪಾರದ ಪತ್ರದಲ್ಲಿ ಒಬ್ಬರು ಪ್ರಸ್ತಾವ ಮುಂದಿಟ್ಟಾಗ ‘ವಿತ್’ ಎಂದರೂ ಓದುವವರಿಗೆ ‘ಸರಿ, ಮುಂದುವರಿಯಿರಿ’ ಎಂದೇ ಕೇಳಿಸುತ್ತದೆ. ವ್ಯಾಕರಣ ಹಿಡಿದು ಅವರೊಡನೆ ಜಗಳಕ್ಕೆ ಹೋಗಬೇಡಿ, ಸೋಲುತ್ತೀರಿ. ‘ನಿಮ್ಮ ಕಾರಣ ಅರ್ಥವಾಯಿತು, ನಿರ್ಧಾರವನ್ನು ಶುಕ್ರವಾರ ತಿಳಿಸುತ್ತೇವೆ’ ಎಂದು ಬರೆದಿದ್ದರೆ ಆ ಕ್ರಿಯಾಪದದ ಹಂಗೇ ಇರುತ್ತಿರಲಿಲ್ಲ.

ಕಪ್ಪು ಕೋಟು

ವಕೀಲನಾಗಿ ಮೂಗು ತೂರಿಸುತ್ತಿದ್ದೇನೆ. 1872ರ ಭಾರತೀಯ ಕರಾರು ಕಾಯ್ದೆಯ 13ನೇ ಕಲಮು ನಿಮ್ಮ ಪೇಚಿಗಾಗಿಯೇ ಬರೆದಂತಿದೆ. ಇಬ್ಬರು ಅಥವಾ ಹೆಚ್ಚು ಜನ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಅದು ಸಮ್ಮತಿ ಎಂಬುದು ಅದರ ತಾತ್ಪರ್ಯ. ‘ಒಂದೇ ಅರ್ಥದಲ್ಲಿ’ ಎಂಬುದನ್ನು ಅಡಿಗೆರೆ ಎಳೆದು ಓದಿ. ಹಾಗೆಂದು ನ್ಯಾಯಾಲಯ ನಿಮ್ಮ ಮನಸ್ಸಿನ ಒಳಗಿಣುಕಿ ನೋಡುವುದಿಲ್ಲ. ನಿಮ್ಮ ಇಮೇಲನ್ನು ಸಾಮಾನ್ಯ ತಿಳಿವಳಿಕೆಯ ಮನುಷ್ಯ ಓದಿದರೆ ಏನೆಂದುಕೊಳ್ಳುತ್ತಾನೆ ಎಂದು ಕೇಳುತ್ತದೆ. ತಲೆಯಲ್ಲಿದ್ದ ಮುಂದಿನ ಸಾಲು ಸಾಕ್ಷಿಯಾಗುವುದಿಲ್ಲ.

ಅದೇ ಕಾಯ್ದೆಯಲ್ಲಿ ಒಪ್ಪಂದವೇ ಬೇರೆ, ಕರಾರೇ ಬೇರೆ. ಕಾನೂನಿನ ಮೂಲಕ ಜಾರಿ ಮಾಡಬಹುದಾದ ಒಪ್ಪಂದ ಮಾತ್ರ ಕರಾರು. ನಮ್ಮ ಜನ ಮಾತ್ರ ಎಲ್ಲವನ್ನೂ ‘ಅಗ್ರಿಮೆಂಟು’ ಎಂಬ ಒಂದೇ ಚೀಲಕ್ಕೆ ತುಂಬುತ್ತಾರೆ. ಬಾಡಿಗೆಯದೂ ಅಗ್ರಿಮೆಂಟು, ಸೈಟಿನದೂ ಅಗ್ರಿಮೆಂಟು. ಕ್ರಯದ ಅಗ್ರಿಮೆಂಟು ಮಾಡಿಕೊಂಡ ದಿನವೇ ಮನೆ ತಮ್ಮದಾಯಿತೆಂದು ಸಿಹಿ ಹಂಚಿದವರನ್ನು ನೋಡಿದ್ದೇನೆ. ಕ್ರಯಪತ್ರ ನೋಂದಣಿಯಾಗುವ ತನಕ ಬಾಯಿ ಸಿಹಿ ಮಾಡಿಕೊಳ್ಳಬೇಡಿ.

ಸುಮ್ಮನೆ ಓದುವವ

ಬಾಡಿಗೆ ಕರಾರು ಯಾವಾಗಲೂ 11 ತಿಂಗಳು ಏಕೆ, ವಕೀಲರೇ? ಹನ್ನೆರಡಕ್ಕೆ ಯಾರೂ ಏಕೆ ಒಪ್ಪುವುದಿಲ್ಲ?

ಕಪ್ಪು ಕೋಟು

1908ರ ನೋಂದಣಿ ಕಾಯ್ದೆಯ ಪ್ರಕಾರ ವರ್ಷದಿಂದ ವರ್ಷಕ್ಕೆ ನಡೆಯುವ ಗುತ್ತಿಗೆಯನ್ನೂ ಒಂದು ವರ್ಷ ಮೀರಿದ ಗುತ್ತಿಗೆಯನ್ನೂ ಕಡ್ಡಾಯವಾಗಿ ನೋಂದಾಯಿಸಬೇಕು. ಹನ್ನೊಂದು ತಿಂಗಳೆಂದರೆ ಆ ತಂಟೆಯಿಲ್ಲ. ವಿಷಯಕ್ಕೆ ಬನ್ನಿ.

ಹುಬ್ಬಳ್ಳಿ ಹುಡುಗಿ

ವಿಷಯ ಬಿಟ್ಟು ಹೋಗುವುದಕ್ಕೇ ನಾನು ಬಂದಿದ್ದೇನೆ. ‘ಅಗ್ರಿಮೆಂಟ್’ ಎಂಬುದೇ ಬಾಯಿಂದ ಬಾಯಿಗೆ ಹೋಗುತ್ತ ‘ಗಿರ್ಮಿಟ್’ ಆಯಿತು ಎಂದು ಓದಿದ್ದೆ. ಹಾಗಾದರೆ ನಮ್ಮ ಹುಬ್ಬಳ್ಳಿಯ ಗಿರ್ಮಿಟ್ಟೂ ಇಂಗ್ಲಿಷಿನದೇ? ಚುರುಮುರಿ, ಈರುಳ್ಳಿ, ಹುಣಸೆ, ಬೆಲ್ಲದ ಒಗ್ಗರಣೆ, ಪುಠಾಣಿ ಹಿಟ್ಟು, ಮೇಲೆ ಸೇವು, ಪಕ್ಕದಲ್ಲಿ ಮಿರ್ಚಿ ಭಜಿ. ಎಲ್ಲವೂ ಒಂದಕ್ಕೊಂದು ಒಪ್ಪಿಕೊಂಡಿರುವುದರಿಂದ ಆ ಹೆಸರು ಬಂದಿರಬಹುದಲ್ಲವೇ?

ಹಳಗನ್ನಡ ಹುಚ್ಚ

ಅಕ್ಕ, ತಿನಿಸಿಗೆ ಆ ಹೆಸರು ಅಲ್ಲಿಂದ ಬಂತೆನ್ನಲು ಆಧಾರ ಬೇಕು. ಕಿವಿಗೆ ಒಂದೇ ರೀತಿ ಕೇಳಿಸಿದ ಮಾತ್ರಕ್ಕೆ ನಂಟು ಕಟ್ಟಬಾರದು. ಬಡಗಿಗಳು ತೂತು ಕೊರೆಯುವ ಕೈ ಉಪಕರಣಕ್ಕೂ ಗಿರಮಿಟ್ಟು ಎನ್ನುತ್ತಾರೆ, ಅದು ‘ಗಿಮ್ಲೆಟ್’ ಎಂಬ ಬೇರೆಯದೇ ಇಂಗ್ಲಿಷ್ ಪದದ ಮರಿ.

ಆದರೆ ಅಗ್ರಿಮೆಂಟ್ ಗಿರ್ಮಿಟ್ ಆದದ್ದು ನಿಜವೇ, ಅದು ತಿನ್ನುವ ಕಥೆಯಲ್ಲ. ಬ್ರಿಟಿಷರು ಭಾರತದ ಕೂಲಿಗಳನ್ನು ಐದು ವರ್ಷದ ಕರಾರಿನ ಮೇಲೆ ಕಬ್ಬಿನ ತೋಟಗಳಿಗೆ ಸಾಗಿಸಿದರು. ಫಿಜಿಗೆ ಮೊದಲ ಹಡಗು ‘ಲಿಯೊನಿಡಾಸ್’ ತಲುಪಿದ್ದು 1879ರ ಮೇ 14ರಂದು. 1916ರ ತನಕ ಅಲ್ಲಿಗೆ 60,000ಕ್ಕೂ ಹೆಚ್ಚು ಜನ ಹೋದರು. ಅವರು ಹೆಬ್ಬೆಟ್ಟು ಒತ್ತಿದ ಕಾಗದವೇ ಗಿರ್ಮಿಟ್, ಅವರೇ ಗಿರ್ಮಿಟಿಯಾಗಳು. ದಕ್ಷಿಣ ಆಫ್ರಿಕಾದ ನಟಾಲಿಗೆ ಮದ್ರಾಸಿನಿಂದ ಹೊರಟ ‘ಟ್ರೂರೊ’ ಹಡಗು 1860ರಲ್ಲಿಯೇ ಹೋಗಿತ್ತು. ವಕೀಲರು ಹೇಳಿದ ‘ಒಂದೇ ಅರ್ಥದಲ್ಲಿ’ ಎಂಬುದನ್ನು ಆ ಕಾಗದಗಳ ಮುಂದಿಟ್ಟು ಯೋಚಿಸಿ. ಒಂದು ಕಡೆ ಓದಲು ಬಾರದವನ ಹೆಬ್ಬೆರಳು, ಇನ್ನೊಂದು ಕಡೆ ಸಕ್ಕರೆ ಗಿರಣಿಯ ಲೆಕ್ಕ.

ಹುಬ್ಬಳ್ಳಿ ಹುಡುಗಿ

ತಮಾಷೆಗೆ ಕೇಳಿದೆ, ಗಂಟಲು ಕಟ್ಟಿಸಿದಿರಿ. ಆ ಹೆಬ್ಬೆಟ್ಟಿಗೂ ನಾವು ಮೊಬೈಲಿನಲ್ಲಿ ಓದದೆ ಒತ್ತುವ ‘ಐ ಅಗ್ರೀ’ ಗುಂಡಿಗೂ ಎಷ್ಟು ದೂರ?

ಕರಾವಳಿ ಕಾಗೆ

ಬಹಳ ದೂರ. ಅವರನ್ನು ಐದು ವರ್ಷ ಕಬ್ಬಿನ ಗದ್ದೆಯಲ್ಲಿ ದುಡಿಸಿದರು, ನಿನಗೆ ಬರುವುದು ಚಪ್ಪಲಿಯ ಜಾಹೀರಾತು. ಹೋಲಿಕೆ ಮಾಡುವಾಗ ಸ್ವಲ್ಪ ನಾಚಿಕೆ ಇರಲಿ.

ಹುಬ್ಬಳ್ಳಿ ಹುಡುಗಿ

ಒಪ್ಪಿದೆ. ಹೋಲಿಕೆ ಹಿಂದಕ್ಕೆ ತೆಗೆದುಕೊಂಡೆ.

ಕಪ್ಪು ಕೋಟು

ಗುಂಡಿಯ ಮಾತು ಬಂದಿತಲ್ಲ, ಒಂದೇ ಸಾಲು ಹೇಳಿ ಸುಮ್ಮನಾಗುತ್ತೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು. ಕನ್ನಡವೂ ಆ ಪಟ್ಟಿಯಲ್ಲಿದೆ.

ಲೆಕ್ಕದ ಪುಸ್ತಕ

ಆ ಗುಂಡಿಯ ಮೇಲೆ ಕನ್ನಡದಲ್ಲಿ ಏನು ಬರೆಯಬೇಕು? ‘ಒಪ್ಪುತ್ತೇನೆ’ ಎಂದೇ, ‘ಒಪ್ಪಿಕೊಳ್ಳುತ್ತೇನೆ’ ಎಂದೇ, ‘ಸಮ್ಮತಿಸುತ್ತೇನೆ’ ಎಂದೇ?

ನಿವೃತ್ತ ಮೇಷ್ಟರು

‘ಒಪ್ಪಿಗೆ ಇದೆ’ ಎಂದರೆ ಸಾಕು. ‘ಒಪ್ಪಿಕೊಳ್ಳುತ್ತೇನೆ’ ಎಂದು ಒಂಟಿಯಾಗಿ ಬರೆದರೆ ಕಳ್ಳತನ ಒಪ್ಪಿಕೊಂಡಂತೆ ಇರುತ್ತದೆ. ಈ ‘ಕೊಳ್ಳು’ ಸೇರಿದೊಡನೆ ಅರ್ಥ ಹೇಗೆ ವಾಲುತ್ತದೆ ನೋಡಿ. ನಮ್ಮ ಹುಡುಗರು ಇಂಗ್ಲಿಷಿನಲ್ಲಿ ‘ಹೀ ಅಗ್ರೀಡ್ ಹಿಸ್ ಮಿಸ್ಟೇಕ್’ ಎಂದು ಬರೆಯುವುದು ಇದರಿಂದಲೇ. ತಪ್ಪು ಒಪ್ಪಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ‘ಅಡ್ಮಿಟ್’ ಎಂಬ ಬೇರೆ ಕ್ರಿಯಾಪದವಿದೆ. ಮೂವತ್ತು ವರ್ಷ ಕೆಂಪು ಶಾಯಿಯಲ್ಲಿ ಇದನ್ನು ತಿದ್ದಿದ್ದೇನೆ. ಇದರ ಅಣ್ಣ ‘ಐ ಯಾಮ್ ಅಗ್ರೀ’, ತಮ್ಮ ‘ಐ ಯಾಮ್ ಅಗ್ರೀಯಿಂಗ್’. ಆ ಮನೆತನವನ್ನೇ ತಿದ್ದಿ ಸಾಕಾಗಿ ನಿವೃತ್ತನಾದೆ.

ಇನ್ನು ‘ಒಪ್ಪಿಸು’ ಎಂದರೆ ಇಂಗ್ಲಿಷಿಗೆ ದಾರಿಯೇ ಇಲ್ಲ. ಅಪ್ಪನನ್ನು ಒಪ್ಪಿಸಿದೆ, ಕೀಲಿಕೈ ಒಪ್ಪಿಸಿದೆ, ಮಗ್ಗಿ ಒಪ್ಪಿಸಿದೆ. ಮೂರಕ್ಕೂ ಒಂದೇ ಪದ ಹುಡುಕಿ ಕೊಟ್ಟವರಿಗೆ ನನ್ನ ಕೆಂಪು ಪೆನ್ನು ಬಹುಮಾನ.

ಹಳಗನ್ನಡ ಹುಚ್ಚ

ಮೇಷ್ಟರೇ, ಆ ಪದದ ಬೇರಿಗೆ ಹೋದರೆ ಇನ್ನೂ ಸ್ವಾರಸ್ಯವಿದೆ. ಹಳಗನ್ನಡದಲ್ಲಿ ‘ಒಪ್ಪು’ ಎಂದರೆ ಸೊಗಸಾಗಿ ಕಾಣು, ತಕ್ಕುದಾಗಿರು. ಕಾವ್ಯಗಳಲ್ಲಿ ಒಡ್ಡೋಲಗದಲ್ಲಿ ಕುಳಿತ ರಾಜ ‘ಒಪ್ಪುತ್ತಾನೆ’, ಅಂದರೆ ಶೋಭಿಸುತ್ತಾನೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿಯೂ ಈ ಅರ್ಥಗಳಿವೆ. ಅದರ ಪಳೆಯುಳಿಕೆ ಇಂದಿಗೂ ನಮ್ಮ ನಾಲಿಗೆಯ ಮೇಲಿದೆ: ಒಪ್ಪ-ಓರಣ, ‘ಈ ಬಣ್ಣದ ಸೀರೆ ನಿನಗೆ ಒಪ್ಪುತ್ತದೆ’, ‘ತಪ್ಪು-ಒಪ್ಪು’. ತೆಲುಗಿನಲ್ಲಿಯೂ ‘ಒಪ್ಪು’ ಎಂದರೆ ಸರಿ.

ಈಗ ‘ಅಗ್ರೀ’ಯ ಕಡೆ ನೋಡಿ. ಅದು ಹಳೆಯ ಫ್ರೆಂಚಿನ ‘ಅಗ್ರೆಯೆರ್’ನಿಂದ ಬಂದದ್ದು, ಅದರ ಬುಡದಲ್ಲಿ ಲ್ಯಾಟಿನ್ನಿನ ‘ಗ್ರಾತುಸ್’ ಇದೆ, ಅಂದರೆ ಮನಸ್ಸಿಗೆ ಹಿತವಾದದ್ದು. ಇಂದಿಗೂ ‘ಅಗ್ರೀಯಬಲ್’ ಎಂದರೆ ಹಿತವಾದ ಎಂದೂ ಹೌದು, ಒಪ್ಪಿಗೆಯಿರುವ ಎಂದೂ ಹೌದು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆಗಳು ‘ಕಣ್ಣಿಗೆ, ಮನಸ್ಸಿಗೆ ಚೆನ್ನಾಗಿದೆ’ ಎಂಬಲ್ಲಿಂದ ಹೊರಟು ‘ಆಗಲಿ’ ಎಂಬಲ್ಲಿಗೆ ತಲುಪಿವೆ. ಮೇಷ್ಟರ ಮದುವೆಯ ಉದಾಹರಣೆಯೂ ಅದೇ ದಾರಿ ಹಿಡಿದಿದೆ.

ಲಂಡನ್ ಮಳೆ

ಹಿತದ ಮಾತು ಬಂದಿತಲ್ಲ, ನಮ್ಮ ಅತ್ತೆಯವರ ಪ್ರಸಂಗ ಕೇಳಿ. ಹೊಟ್ಟೆಯುಬ್ಬರವೆಂದು ಇಲ್ಲಿಯ ವೈದ್ಯರ ಬಳಿ ಕರೆದುಕೊಂಡು ಹೋಗಿದ್ದೆ. ಹಾಲು ನಿಮ್ಮೊಡನೆ ‘ಅಗ್ರೀ’ ಆಗುತ್ತದೆಯೇ ಎಂದು ಆಕೆ ಕೇಳಿದರು. ನನ್ನ ಪತಿ ಮಹಾಶಯರು ಅವಸರದಲ್ಲಿ ಪದಕ್ಕೆ ಪದ ಇಟ್ಟು ಅನುವಾದಿಸಿದರು. ಅತ್ತೆಯವರು ಸೆರಗು ಸರಿಮಾಡಿಕೊಂಡು, ‘ನಾನು ಹಾಲಿನವನ ಜೊತೆ ಜಗಳ ಮಾಡಿದ್ದು ಮೈಸೂರಿನಲ್ಲಿ, ಈಕೆಗೆ ಯಾರು ಹೇಳಿದರು?’ ಎಂದರು.

ಊಟ, ಹವೆ ಒಗ್ಗುವುದಿಲ್ಲ ಎನ್ನುವುದಕ್ಕೆ ಇಂಗ್ಲಿಷಿನವರು ಇದೇ ಕ್ರಿಯಾಪದ ಬಳಸುತ್ತಾರೆ. ಹೆಚ್ಚಾಗಿ ಇಲ್ಲ ಎನ್ನುವಾಗಲೇ ಬಳಕೆ. ನಾವಾದರೋ ಒಗ್ಗುವುದಿಲ್ಲ, ಆಗುವುದಿಲ್ಲ, ಹಿಡಿಸುವುದಿಲ್ಲ ಎಂದು ಮೂರು ಹೇಳುತ್ತೇವೆ. ‘ಬದನೆಕಾಯಿ ನನಗೆ ಆಗುವುದಿಲ್ಲ’ ಎಂದರೆ ಮೈ ತುರಿಸುತ್ತದೆ, ‘ಹಿಡಿಸುವುದಿಲ್ಲ’ ಎಂದರೆ ರುಚಿಸುವುದಿಲ್ಲ.

ಕರಾವಳಿ ಕಾಗೆ

ಮಟ್ಟುಗುಳ್ಳ ತಿಂದವರು ಬದನೆಕಾಯಿಯ ಬಗ್ಗೆ ಹೀಗೆ ಮಾತಾಡುವುದಿಲ್ಲ.

ಲೆಕ್ಕದ ಪುಸ್ತಕ

ನನ್ನ ಕಸುಬಿನ ಅರ್ಥವನ್ನು ಯಾರೂ ಹೇಳಲಿಲ್ಲ. ಬ್ಯಾಂಕಿನ ಪಾಸ್‌ಬುಕ್ಕೂ ನಮ್ಮ ಪುಸ್ತಕವೂ ‘ಅಗ್ರೀ’ ಆಗಬೇಕು ಎನ್ನುತ್ತಾರೆ. ನಾವು ತಾಳೆಯಾಗುವುದು ಎನ್ನುತ್ತೇವೆ. ಮಾರ್ಚ್ ತಿಂಗಳಲ್ಲಿ ನನ್ನ ಬಾಯಲ್ಲಿ ಬೇರೆ ಕ್ರಿಯಾಪದವೇ ಇರುವುದಿಲ್ಲ.

ಡಲ್ಲಾಸ್ ದೋಸೆ

ವ್ಯಾಕರಣದವರ ‘ಅಗ್ರಿಮೆಂಟ್’ ಕೂಡ ಉಳಿದಿದೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಭಾನುವಾರ ಕನ್ನಡ ಕಲಿಸುತ್ತೇನೆ. ಇಂಗ್ಲಿಷಿನ ವರ್ತಮಾನದಲ್ಲಿ ‘ಅವನು, ಅವಳು, ಅದು’ಗಳಿಗೆ ಒಂದು ‘ಎಸ್’ ಅಂಟಿಸಿದರೆ ಮುಗಿಯಿತು. ಕನ್ನಡದಲ್ಲಿ ಒಪ್ಪಿದನು, ಒಪ್ಪಿದಳು, ಒಪ್ಪಿತು, ಒಪ್ಪಿದರು, ಒಪ್ಪಿದೆನು ಎಂದು ಬರೆಯುತ್ತ ಹೋದಂತೆ ಮಕ್ಕಳ ಮುಖ ಸಣ್ಣದಾಗುತ್ತದೆ. ಆಮೇಲೆ ‘ಒಪ್ಪಲಿಲ್ಲ’ ಎಂದು ಬರೆಯುತ್ತೇನೆ. ಅವನು ಒಪ್ಪಲಿಲ್ಲ, ಅವಳು ಒಪ್ಪಲಿಲ್ಲ, ಅವರು ಒಪ್ಪಲಿಲ್ಲ, ನಾನು ಒಪ್ಪಲಿಲ್ಲ. ಒಬ್ಬ ಹುಡುಗ ಎದ್ದು ನಿಂತು, ‘ಹಾಗಾದರೆ ಕನ್ನಡದಲ್ಲಿ ಬೇಡ ಎನ್ನುವುದೇ ಸುಲಭ’ ಎಂದ. ಬೇಕು, ಬೇಡ, ಸಾಕುಗಳೂ ಯಾವ ಕರ್ತೃವಿಗೂ ಜಗ್ಗುವುದಿಲ್ಲ ಎಂದು ಹೇಳಿದಾಗ ತರಗತಿಗೆ ತರಗತಿಯೇ ಚಪ್ಪಾಳೆ ತಟ್ಟಿತು.

ಕೊಸರು: ‘ಅಪ್ಪ ಒಪ್ಪಿದರು’ ಎಂದಾಗ ಅಪ್ಪ ಒಬ್ಬರೇ, ಕ್ರಿಯಾಪದ ಬಹುವಚನ. ಎಷ್ಟು ಜನ ಅಪ್ಪಂದಿರು ಎಂದು ಮಕ್ಕಳು ಕೇಳಿದರು.

ಲಂಡನ್ ಮಳೆ

ಬ್ರಿಟಿಷರು ಸಮಿತಿಯಂಥ ಪದಕ್ಕೂ ಬಹುವಚನದ ಕ್ರಿಯಾಪದ ಹಚ್ಚುವುದುಂಟು, ಒಳಗೆ ಹಲವರಿದ್ದಾರಲ್ಲ ಎಂದು. ನಮ್ಮಲ್ಲಿ ಸಮಿತಿ ‘ಒಪ್ಪಿತು’. ಎಷ್ಟು ಜನ ಕುಳಿತಿದ್ದರೂ ನಪುಂಸಕಲಿಂಗ, ಏಕವಚನ.

ಸುಮ್ಮನೆ ಓದುವವ

ನಮ್ಮ ಅಪಾರ್ಟ್‌ಮೆಂಟಿನ ಸಮಿತಿಯನ್ನು ನೋಡಿದರೆ ವ್ಯಾಕರಣ ಸರಿಯಾಗಿಯೇ ಇದೆ.

ನಿವೃತ್ತ ಮೇಷ್ಟರು

‘ಅಗ್ರೀ ಆನ್’ ಎಂಬುದು ಬಾಕಿ ಉಳಿಯಿತು. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ. ಹತ್ತು ವರ್ಷದವನಿದ್ದಾಗ ಅಜ್ಜನ ಜೊತೆ ಹೋಗಿದ್ದೆ. ಮಾರುವವನು, ದಲ್ಲಾಳಿ ಇಬ್ಬರೂ ಕೈಗಳ ಮೇಲೆ ಒಂದು ಟವೆಲ್ ಹೊದಿಸಿಕೊಂಡರು. ಒಳಗೆ ಬೆರಳು ಹಿಡಿದು ವ್ಯಾಪಾರ. ಮುಖದಲ್ಲಿ ಏನೂ ಇಲ್ಲ, ಟವೆಲ್ ಮಾತ್ರ ಅಲುಗಾಡುತ್ತಿತ್ತು. ಒಮ್ಮೆ ದಲ್ಲಾಳಿ ಕೈ ಕಿತ್ತುಕೊಂಡು ಹೊರಟೇಹೋದ. ಅಜ್ಜ ಎತ್ತಿನ ಬೆನ್ನು ಸವರುತ್ತ ನಿಂತರು. ಅವನು ಹತ್ತು ಹೆಜ್ಜೆ ಹೋಗಿ ತಿರುಗಿ ಬಂದ, ಮತ್ತೆ ಟವೆಲ್ ಹೊದಿಸಿಕೊಂಡ. ಸ್ವಲ್ಪ ಹೊತ್ತಿಗೆ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. ವ್ಯಾಪಾರ ಕುದುರಿತ್ತು, ಸುತ್ತ ನಿಂತ ನಮಗೆ ಬೆಲೆ ತಿಳಿಯಲೇ ಇಲ್ಲ.

ಇಬ್ಬರೂ ಎಳೆದಾಡಿ ಒಂದು ಅಂಕಿಯ ಮೇಲೆ ಬಂದು ನಿಲ್ಲುವುದು ‘ಅಗ್ರೀ ಆನ್’. ನಿನ್ನ ಗಿರಾಕಿ ಬರೆದ ಬೆಲೆಯ ಮಾತೂ ಅದೇ. 60 ದಿನದ ವಿಷಯದಲ್ಲಿ ನೀನು ಟವೆಲ್ಲೇ ಹೊದಿಸದೆ ಕೈಯನ್ನು ಕೊಟ್ಟುಬಿಟ್ಟೆ.

ಡಲ್ಲಾಸ್ ದೋಸೆ

ಕೈ ಇರಲಿ, ಬಾಯಿಯೂ ನಮ್ಮನ್ನು ಸಿಕ್ಕಿಸುತ್ತದೆ. ಕಥೆ ಹೇಳುವವರಿಗೆ ಹೂಂಗುಟ್ಟುವ ಅಭ್ಯಾಸ ನಮಗೆ ಅಜ್ಜಿಯ ಕಾಲದಿಂದ ಬಂದದ್ದು. ಇಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಫೋನಿನ ಸಭೆಯುದ್ದಕ್ಕೂ ನಾನು ‘ಹೂಂ, ಹೂಂ’ ಎನ್ನುತ್ತಿದ್ದೆ. ಸಭೆ ಮುಗಿಯುವಷ್ಟರಲ್ಲಿ ನಾಲ್ಕು ಜನರ ಕೆಲಸಕ್ಕೆ ನಾನು ಒಪ್ಪಿದ್ದೆ ಎಂದು ಟಿಪ್ಪಣಿ ಬಂತು. ಕೇಳಿಸಿಕೊಳ್ಳುತ್ತಿದ್ದೇನೆ ಎಂಬುದಷ್ಟೇ ನನ್ನ ‘ಹೂಂ’ನ ಅರ್ಥವಾಗಿತ್ತು.

ಕಪ್ಪು ಕೋಟು

ಮೌನಂ ಸಮ್ಮತಿ ಲಕ್ಷಣಂ ಎಂಬುದನ್ನು ಮಾತ್ರ ಯಾರೂ ಇಲ್ಲಿ ಹೇಳಬೇಡಿ. ಪ್ರಸ್ತಾವಕ್ಕೆ ಉತ್ತರ ಕೊಡದೆ ಸುಮ್ಮನಿದ್ದ ಮಾತ್ರಕ್ಕೆ ಸಾಮಾನ್ಯವಾಗಿ ಕರಾರು ಆಗುವುದಿಲ್ಲ.

ಕರಾವಳಿ ಕಾಗೆ

‘ಅಗ್ರೀ ಟು ಡಿಸ್‌ಅಗ್ರೀ’ ಎಂದು ಹೇಳಿ ಜಾರಿಕೊಳ್ಳುವವರ ಬಗ್ಗೆ ಯಾರೂ ಬರೆಯಲಿಲ್ಲವಲ್ಲ? ವಾದದಲ್ಲಿ ಸೋಲುವುದು ಖಾತ್ರಿಯಾದಾಗ ನಮ್ಮ ಭಾವ ಅದನ್ನೇ ಹೇಳುತ್ತಾರೆ.

ಹಳಗನ್ನಡ ಹುಚ್ಚ

ಅದಕ್ಕೆ ಒಳ್ಳೆಯ ಚರಿತ್ರೆಯಿದೆ, ನಿಮ್ಮ ಭಾವನನ್ನು ನೋಡಿ ತೂಗಬೇಡಿ. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ 1770ರಲ್ಲಿ ಜಾರ್ಜ್ ವೈಟ್‌ಫೀಲ್ಡ್ ತೀರಿಕೊಂಡಾಗ ಮಾಡಿದ ಪ್ರವಚನದಲ್ಲಿ ಅದನ್ನು ಬಳಸಿದ್ದಾನೆ. ಇಬ್ಬರೂ ಮೊದಲು ಗೆಳೆಯರು, ಆಮೇಲೆ ಧರ್ಮತತ್ತ್ವದ ವಿಷಯದಲ್ಲಿ ದೂರವಾದವರು. ಜಗಳವಾಡಿದ ಗೆಳೆಯನ ಸಾವಿನ ಮುಂದೆ ನಿಂತು ಹೇಳಿದ ಮಾತು. ಕನ್ನಡದಲ್ಲಿ ‘ನಿಮ್ಮದು ನಿಮಗೆ, ನಮ್ಮದು ನಮಗೆ’ ಎನ್ನಬಹುದು, ಆದರೆ ಅದರಲ್ಲಿ ಬಾಗಿಲು ಹಾಕಿಕೊಂಡ ಸದ್ದು ಕೇಳಿಸುತ್ತದೆ.

ಕರಾವಳಿ ಕಾಗೆ

ಭಾವನಿಗೆ ಈ ವೆಸ್ಲಿಯ ವಿಷಯವನ್ನು ಹೇಳುವುದಿಲ್ಲ. ಹೇಳಿದರೆ ಇನ್ನು ಹಿಡಿಯುವುದು ಕಷ್ಟ.

ಲೆಕ್ಕದ ಪುಸ್ತಕ

ಎಲ್ಲರಿಗೂ ವರದಿ. ಲಂಡನ್ ಅಕ್ಕ ಹೇಳಿದಂತೆ ಜಗಳಕ್ಕೆ ಹೋಗಲಿಲ್ಲ. ‘ಹಿಂದಿನ ಪತ್ರದಲ್ಲಿ ನಾನು ಹೇಳಿದ್ದು ನಿಮ್ಮ ಕಾರಣ ಸರಿ ಎಂಬುದನ್ನು. ಅವಧಿಯ ತೀರ್ಮಾನ ನಮ್ಮ ಯಜಮಾನರದು, ಅವರು 45 ದಿನಕ್ಕೆ ಸಿದ್ಧರಿದ್ದಾರೆ’ ಎಂದು ಬರೆದೆ. ಕಳುಹಿಸುವ ಮುಂಚೆ ಯಜಮಾನರಿಗೆ ತೋರಿಸಿ ಸಹಿಯನ್ನೂ ಹಾಕಿಸಿಕೊಂಡೆ. ಇವತ್ತು ಬೆಳಿಗ್ಗೆ ಗಿರಾಕಿಯಿಂದ ಉತ್ತರ ಬಂತು. ಪೂರ್ತಿ ಇಮೇಲಿನಲ್ಲಿ ಇರುವುದು ಒಂದೇ ಪದ: ‘ಅಗ್ರೀಡ್’.

ವಿತ್ತೋ, ಟುವೋ ಗೊತ್ತಾಗುತ್ತಿಲ್ಲ.

ಕಪ್ಪು ಕೋಟು

45 ದಿನ ಎಂದು ತಿದ್ದಿದ ಖರೀದಿ ಆದೇಶ ಕಳುಹಿಸಲು ಹೇಳಿ. ಅದು ಬರುವ ತನಕ ಬಟ್ಟೆ ಕತ್ತರಿಸಬೇಡಿ.